ರವಿವಾರದ ಶಾಲೆಯ ಅಕ್ಕಾರು

ಹುಬ್ಬಳ್ಳಿಯ ಕಮರಿಪೇಟೆಯೆಂದರೆ ಪಟ್ಟೇಗಾರ ಮನೆತನಗಳ, ಜವಳಿ ವ್ಯಾಪಾರದ, ಇಕ್ಕಟ್ಟಾದ ಓಣಿಗಳ ಹಳೆಯ ಬಡಾವಣೆ. ಅಲ್ಲಿಂದ ಬಹು ದೂರವಲ್ಲದ ಘಂಟಿಕೇರಿಯಲ್ಲಿ ಬಾಸೆಲ್ ಮಿಶನ್ನಿನ ವಿದ್ಯಾಸಂಸ್ಥೆ ಇಂದಿಗೂ ಉಂಟು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದುದರಿಂದ, ಈ ಅವಳಿ ನಗರದ ಕನ್ನಡ ಕ್ರೈಸ್ತ ಕುಟುಂಬಗಳಲ್ಲಿ ಮುತ್ತಜ್ಜಿಯಿಂದ ಮರಿಮಗುವಿನವರೆಗೆ ಎಲ್ಲರೂ ತಪ್ಪದೆ ಏರಿಬಂದ ಮೆಟ್ಟಿಲೊಂದಿದೆ. ಅದೇ ರವಿವಾರದ ಶಾಲೆ. ನೆರೆಹೊರೆಯವರು ಆ ಮಕ್ಕಳು ಬಿಳಿಯ ಅಂಗಿ ತೊಟ್ಟು, ಕಾಣಿಕೆಯ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ದೇವಾಲಯದ ಕಡೆಗೆ ನಡೆಯುವುದನ್ನು ಕಂಡಿರುವರೇ ಹೊರತು, ಒಳಗೆ ನಡೆಯುವುದೇನು, ನಡೆಸುವವರಾರು ಎಂಬುದನ್ನು ಬಲ್ಲವರು ವಿರಳ.

ನಡೆಯುವುದು ಸರಳವಾದುದೇ. ವಯೋಮಾನಕ್ಕೆ ತಕ್ಕಂತೆ ಮಕ್ಕಳನ್ನು ವಿಂಗಡಿಸಿ, ಒಂದೆರಡು ಹಾಡು, ಪ್ರಾರ್ಥನೆ, ಸತ್ಯವೇದದಿಂದ ಒಂದು ಕಥೆ, ಬಾಯಿಪಾಠ ಮಾಡಬೇಕಾದ ಒಂದು ವಚನ, ಚಿಕ್ಕವರಿಗೆ ಬಣ್ಣ ತುಂಬುವ ಚಿತ್ರ, ದೊಡ್ಡವರಿಗೆ ಸ್ವಲ್ಪ ಚರ್ಚೆ. ಇಷ್ಟರಲ್ಲಿ ಒಂದು ಗಂಟೆ ಕಳೆಯುತ್ತದೆ. ನಡೆಸುವವರು ಮಾತ್ರ ಗುರುವೃತ್ತಿಯಲ್ಲಿ ಪಳಗಿದವರೇ ಆಗಿರಬೇಕೆಂದಿಲ್ಲ. ವಾರವಿಡೀ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುವ ದಾದಿ, ಬ್ಯಾಂಕಿನ ಗುಮಾಸ್ತೆ, ಮನೆವಾರ್ತೆಯ ಗೃಹಿಣಿ, ಮೊನ್ನೆ ಮೊನ್ನೆ ದೃಢೀಕರಣ ಪಡೆದ ಕಾಲೇಜು ಹುಡುಗ ಇವರೇ ಅಲ್ಲಿಯ ಅಕ್ಕಾರು, ಅಲ್ಲಿಯ ಸರ್. ಇವರಿಗೆ ಸಂಬಳವಿಲ್ಲ.

ಈ ಪದ್ಧತಿ ಹುಟ್ಟಿದಾಗ ಹೀಗಿರಲಿಲ್ಲವೆಂಬುದು ಗಮನಾರ್ಹ. ಇಂಗ್ಲೆಂಡಿನ ಗ್ಲಾಸ್ಟರ್ ನಗರದಲ್ಲಿ ಮುದ್ರಕನೂ ಪತ್ರಿಕಾ ಪ್ರಕಾಶಕನೂ ಆಗಿದ್ದ ರಾಬರ್ಟ್ ರೈಕ್ಸನು, ಆರು ದಿನ ಗುಂಡುಸೂಜಿಯ ಕಾರ್ಖಾನೆಗಳಲ್ಲಿ ದುಡಿದು ಏಳನೆಯ ದಿನ ಬೀದಿಯಲ್ಲಿ ಅಲೆಯುತ್ತಿದ್ದ ಬಡಮಕ್ಕಳನ್ನು ಕಂಡು ಮರುಗಿ, 1780ರಲ್ಲಿ ಅವರಿಗಾಗಿ ಶಾಲೆ ತೆರೆದಾಗ, ಕಲಿಸಲೊಪ್ಪಿದ ಹೆಂಗಸರಿಗೆ ದಿನಕ್ಕೊಂದು ಶಿಲಿಂಗ್ ಕೊಡುತ್ತಿದ್ದನು. ಕಲಿಸುತ್ತಿದ್ದುದು ಧರ್ಮಬೋಧೆಯ ಜೊತೆಗೆ ಅಕ್ಷರವನ್ನು. ಶಾಲೆಗಳು ಊರೂರಿಗೆ ಹಬ್ಬಿದಂತೆ ಆ ವೆಚ್ಚ ಹೊರಲಾರದಷ್ಟಾಯಿತು. ವೇತನವಿಲ್ಲದೆ ಕಲಿಸುವವರು ಮುಂದೆ ಬಂದರು, ಅವರಿಂದಲೇ ಈ ಚಳವಳಿ ದೇಶಾಂತರಗಳಿಗೆ ವ್ಯಾಪಿಸಿತು. ನಮ್ಮ ದೇಶದಲ್ಲಿ 1876ರಲ್ಲಿ ಇದಕ್ಕೆಂದೇ ಒಂದು ಒಕ್ಕೂಟ ಸ್ಥಾಪಿತವಾಯಿತು. ಚಿನ್ಮಯ ಮಿಶನ್ನಿನ ಬಾಲವಿಹಾರ, ಜೈನರ ಪಾಠಶಾಲೆ, ಅಮೆರಿಕದ ಕನ್ನಡಿಗರು ವಾರಾಂತ್ಯದಲ್ಲಿ ನಡೆಸುವ ಕನ್ನಡ ತರಗತಿ ಇವೆಲ್ಲವೂ ಬಹುಮಟ್ಟಿಗೆ ಇಂಥ ನಿಃಸ್ವಾರ್ಥ ಶ್ರಮದಿಂದಲೇ ನಡೆಯುತ್ತಿರುವುದರಿಂದ, ಇಲ್ಲಿ ಹೇಳುವ ಮಾತು ಕ್ರೈಸ್ತರಿಗೆ ಮಾತ್ರ ಸಲ್ಲತಕ್ಕುದಲ್ಲ.

ಇಂಥ ಒಂದು ತರಗತಿಯ ಹಿಂದಿನ ಬೆಂಚಿನ ಮೇಲೆ ಕುಳಿತು ನೋಡುವ ಅವಕಾಶ ನನಗೊಮ್ಮೆ ಒದಗಿತ್ತು. ಹಲಗೆಗೆ ಹಸಿರು ಫ್ಲಾನೆಲ್ ಬಟ್ಟೆ ಬಿಗಿದು, ಬೆನ್ನಿಗೆ ಉಸುಕು ಕಾಗದ ಅಂಟಿಸಿದ ಕುರಿಯ ಚಿತ್ರಗಳನ್ನು ಅಕ್ಕಾರು ಒಂದೊಂದಾಗಿ ಅದಕ್ಕೆ ಹಚ್ಚುತ್ತಿದ್ದರು. ಲೂಕನು ಬರೆದ ಸುವಾರ್ತೆಯ ಹದಿನೈದನೆಯ ಅಧ್ಯಾಯದ ಕಥೆ: ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು, ಕುರುಬನು ಉಳಿದವನ್ನು ಅಡವಿಯಲ್ಲಿ ಬಿಟ್ಟು ಅದನ್ನು ಹುಡುಕಹೋದನು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು: “ಅಲ್ರೀ ಅಕ್ಕಾರ, ಉಳದ ತೊಂಬತ್ತೊಂಬತ್ತು ಯಾರ್ ಕಾಯ್ತಾರ್ರೀ? ತೋಳ ಬಂದ್ರ?”

ಕಥೆ ಮುಗಿಸುವ ಆತುರದಲ್ಲಿರುವವರು ಇಂಥ ಪ್ರಶ್ನೆಯನ್ನು “ಸುಮ್ಮ ಕೂಡು” ಎಂಬ ಎರಡು ಮಾತಿನಲ್ಲಿ ಅಡಗಿಸಿಬಿಡುವುದುಂಟು. ಈ ಅಕ್ಕಾರು ಹಾಗೆ ಮಾಡಲಿಲ್ಲ. “ಸುಗ್ಗಿ ಆದಮ್ಯಾಲೆ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಸ್ತಾರಲ್ಲ, ಅಲ್ಲೆ ಎಷ್ಟ ಮಂದಿ ಇರತಾರ, ನೋಡೀರೇನು?” ಎಂದು ಕೇಳಿದರು. ಕುಂದಗೋಳದ ಕಡೆಯ ಅಜ್ಜನ ಊರಿಗೆ ಹೋಗಿಬಂದಿದ್ದ ಹುಡುಗನೊಬ್ಬ, ಮೂರು ನಾಲ್ಕು ಮಂದಿ ಇರುವರೆಂದೂ, ರಾತ್ರಿ ಹಿಂಡಿನ ಸುತ್ತ ಬಲೆ ಕಟ್ಟುವರೆಂದೂ, “ನಾಯೀನೂ ಇರತಾವ್ರೀ” ಎಂದೂ ಉತ್ಸಾಹದಿಂದ ವರ್ಣಿಸಿದ. ಹಾಗಿದ್ದ ಮೇಲೆ ಯಜಮಾನನೇ ಕತ್ತಲಲ್ಲಿ ಏಕೆ ಹೋಗಬೇಕಿತ್ತು, ಆಳನ್ನು ಕಳಿಸಬಹುದಿತ್ತಲ್ಲ ಎಂಬ ಮರುಪ್ರಶ್ನೆಯಿಂದ ಕಥೆಯ ಹೃದಯಕ್ಕೆ ಆ ತರಗತಿ ತಾನಾಗಿಯೇ ಬಂದು ತಲುಪಿತು.

ಆ ಜಾಣ್ಮೆ ಆ ಕ್ಷಣದಲ್ಲಿ ಹೊಳೆದುದೆಂದು ನಾನು ತಿಳಿದಿದ್ದೆನು. ಆದರೆ ಅಲ್ಲಿಯ ಶಿಕ್ಷಕಿಯರು ಪ್ರತಿ ಶನಿವಾರ ಸಂಜೆ ಒಂದೆಡೆ ಕುಳಿತು, ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿ, ಮಕ್ಕಳು ಏನೇನು ಕೇಳಿಯಾರೆಂದು ತಾವೇ ಕೇಳಿಕೊಳ್ಳುವ ರೂಢಿ ಇಟ್ಟುಕೊಂಡಿದ್ದಾರೆಂದು ಆಮೇಲೆ ಗೊತ್ತಾಯಿತು. 1872ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಸಮ್ಮೇಳನವು ಎಲ್ಲ ವಯಸ್ಸಿನವರಿಗೂ, ಎಲ್ಲ ಶಾಲೆಗಳಿಗೂ ಒಂದು ವಾರಕ್ಕೆ ಒಂದೇ ಪಾಠವೆಂಬ ಕ್ರಮವನ್ನು ಅಂಗೀಕರಿಸಿದ್ದರ ದೊಡ್ಡ ಪ್ರಯೋಜನವೇ ಇದು: ಶಿಕ್ಷಕರು ಕೂಡಿ ಸಿದ್ಧರಾಗಬಹುದಾಯಿತು. ಮುಂದೆ ವಯಸ್ಸಿಗೊಂದು ಪಾಠವೆಂಬ ನ್ಯಾಯವಾದ ವಿಧಾನವೂ ರೂಢಿಗೆ ಬಂದಿತು. ಆದರೆ ಅದರೊಡನೆ ಪ್ರತಿಯೊಬ್ಬ ಶಿಕ್ಷಕಿಯೂ ತನ್ನ ಪಠ್ಯಪುಸ್ತಕದೊಡನೆ ಒಂಟಿಯಾಗುವ ಅಪಾಯವೂ ಬಂದಿತು.

ಒಂಟಿತನವೇ ಈ ಸೇವೆಯ ನಿಜವಾದ ಕಷ್ಟ. ದೊಡ್ಡವರ ಆರಾಧನೆ ನಡೆಯುವ ವೇಳೆಯಲ್ಲಿಯೇ ಮಕ್ಕಳ ತರಗತಿಯೂ ನಡೆಯುವ ಸಭೆಗಳಲ್ಲಿ, ಕಲಿಸುವವರಿಗೆ ತಿಂಗಳುಗಟ್ಟಲೆ ಪ್ರಸಂಗ ಕೇಳುವ ಭಾಗ್ಯವಿಲ್ಲ. ಕೊಡುತ್ತಲೇ ಇರಬೇಕಾದವರು ಪಡೆಯುವುದು ಯಾವಾಗ? ಬಣ್ಣದ ಕಡ್ಡಿ, ರಟ್ಟು, ಅಂಟು, ಬಹುಮಾನದ ಪೆನ್ಸಿಲ್ಲು ಎಲ್ಲವೂ ಮೌನವಾಗಿ ಅವರ ಕೈಚೀಲದಿಂದಲೇ ಹೋಗುತ್ತವೆ. ವರ್ಷಕ್ಕೊಮ್ಮೆ ವೇದಿಕೆಗೆ ಕರೆದು ಶಾಲು ಹೊದಿಸುವುದು ಒಳ್ಳೆಯದೇ. ಆದರೆ ತಿಂಗಳಿಗೊಂದು ರವಿವಾರ ಬೇರೊಬ್ಬರು ಅವರ ತರಗತಿ ನೋಡಿಕೊಂಡು ಅವರನ್ನು ಆರಾಧನೆಗೆ ಕಳುಹಿಸಿದರೆ, ಸಭೆಯ ಆಯವ್ಯಯದಲ್ಲಿ ಮಕ್ಕಳ ಶಾಲೆಗೆಂದು ಒಂದು ಮೊತ್ತವನ್ನು ಬರೆದಿಟ್ಟರೆ, ಅದು ಶಾಲಿಗಿಂತ ಬೆಚ್ಚಗಿನ ಗೌರವ. ತರಗತಿಗೆ ಇಬ್ಬರು ಹಿರಿಯರಿರಬೇಕೆಂಬ ನಿಯಮವನ್ನಂತೂ ಯಾವ ಸಭೆಯೂ ಮುಂದೂಡಲಾಗದು. ಅದರಿಂದ ಹೊಸಬರು ಹಳಬರ ಪಕ್ಕದಲ್ಲಿ ಕುಳಿತು ಕಲಿಯುವರು, ಮಕ್ಕಳಿಗೂ ರಕ್ಷಣೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯಿದೆಯು ಧಾರ್ಮಿಕ ಸಂಸ್ಥೆಯವರೇ ಎಸಗುವ ಅಪರಾಧವನ್ನು ಹೆಚ್ಚು ಘೋರವೆಂದೇ ಎಣಿಸುತ್ತದೆ.

ತರಬೇತಿ ಬೇಡವೆಂದಲ್ಲ. ಧಾರವಾಡದಲ್ಲಿ ಕೇಂದ್ರವನ್ನುಳ್ಳ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಡಯಾಸಿಸ್‌ನಂಥ ವ್ಯವಸ್ಥೆಗಳಿರುವೆಡೆ ಊರೂರಿನ ಶಿಕ್ಷಕರನ್ನು ಕಲೆಹಾಕುವುದು ಕಷ್ಟವಲ್ಲ. ಆದರೆ ಅನ್ಯಭಾಷೆಯಿಂದ ಅನುವಾದವಾದ ಪಾಠವನ್ನು ಒಪ್ಪಿಸುವ ತರಬೇತಿಗಿಂತ, ಹುಬ್ಬಳ್ಳಿಯ ಮಗುವಿಗೆ ಹುಬ್ಬಳ್ಳಿಯ ಮಾತಿನಲ್ಲಿ ಕಥೆ ಹೇಳುವ ಅಭ್ಯಾಸ ಹೆಚ್ಚಿನದು. ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಕಿಟ್ಟೆಲ್ಲರು ಜರ್ಮನಿಯಿಂದ ಬಂದವರಾಗಿದ್ದರೂ 1862ರಲ್ಲಿ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯೆಂದು ಈ ನಾಡಿನ ಛಂದಸ್ಸಿನಲ್ಲಿಯೇ ಹಾಡಿದರು, ಇಲ್ಲಿಯೇ ಹುಟ್ಟಿದವರಿಗೆ ಅದೇಕೆ ಅಸಾಧ್ಯವಾಗಬೇಕು?

ಏಪ್ರಿಲ್‌–ಮೇ ತಿಂಗಳ ರಜೆಯಲ್ಲಿ ಮಕ್ಕಳಿಗಾಗಿ ನಡೆಯುವ ವಿ.ಬಿ.ಎಸ್. ಎಂಬ ಸತ್ಯವೇದ ಶಿಬಿರದಲ್ಲಿ ಕಲಿಸಲು ಹುರುಪಿನಿಂದ ಬರುವ ತರುಣ ತರುಣಿಯರಲ್ಲಿ ಅನೇಕರು ಜೂನ್ ಬಂದೊಡನೆ ಓದಿಗೋ ಕೆಲಸಕ್ಕೋ ಬೆಂಗಳೂರಿನ ಗಾಡಿ ಹತ್ತುವರು. ಹಳಬರಲ್ಲಿಯೂ ಮದುವೆಯೆಂದು, ವರ್ಗಾವಣೆಯೆಂದು ಊರು ಬಿಡುವವರುಂಟು. ಹೋಗುವಾಗ ಅವರ ಪಾಠದ ಟಿಪ್ಪಣಿಯ ವಹಿ, ಫ್ಲಾನೆಲ್ಲಿನ ಚಿತ್ರಗಳು, ಯಾವ ಹುಡುಗ ಓದಲು ತೊಡರುತ್ತಾನೆ, ಯಾವ ಹುಡುಗಿಯ ತಂದೆ ಕಾಯಿಲೆಯಲ್ಲಿದ್ದಾನೆ ಎಂಬ ತಿಳಿವಳಿಕೆ ಎಲ್ಲವೂ ಅವರೊಡನೆಯೇ ಹೊರಟುಹೋಗುತ್ತವೆ. ಚಿತ್ರಗಳಿಗೂ ವಹಿಗಳಿಗೂ ದೇವಾಲಯದಲ್ಲಿ ಒಂದು ಕಪಾಟು ಬೇಕು. ಮಕ್ಕಳ ಸಂಗತಿಗಳನ್ನಾದರೋ ಬರೆದಿಡದೆ, ಹೊಸಬರನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗಿ ಪರಿಚಯಿಸಿಕೊಡಬೇಕು, ಊರು ಬಿಡುವ ಮುನ್ನ, ಒಂದೆರಡು ಸಂಜೆ ಬಿಡುವು ಮಾಡಿಕೊಂಡು.