ಪಿಕಪ್ ಗಾಡಿ ತಗ್ಗಿಸುವವರಿಗೆ ಸ್ಪ್ರಿಂಗಿನ ಮಾತು

ಹಾಲಿನ ಕ್ಯಾನು, ಟೊಮೇಟೊ ಕ್ರೇಟು ಎತ್ತಿ ಎತ್ತಿ ಸೊಂಟ ಹೋಯಿತು, ಪಿಕಪ್ ಗಾಡಿಯನ್ನು 2 ಅಂಗುಲ ತಗ್ಗಿಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ. ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

"ಹಿಂದಿನ ಪಟ್ಟಿ ಎರಡು ಬಿಚ್ಚಿಬಿಡೋಣ ಯಜಮಾನ್ರೇ, ಗಾಡಿ ತಾನಾಗಿ ಕೂರುತ್ತೆ" ಎನ್ನುವ ಮೇಸ್ತ್ರಿ ಎಲ್ಲ ಊರಲ್ಲೂ ಸಿಗುತ್ತಾನೆ. ಕೂರುತ್ತೆ, ನಿಜ. ಆದರೆ ಎತ್ತರ ಬೇರೆ, ಬಲ ಬೇರೆ. ಎತ್ತರ ಬರುವುದು ಪಟ್ಟಿಯ ಬಾಗಿನಿಂದ. ಹೊರೆ ಹೊರುವ ಬಲ ಬರುವುದು ಪಟ್ಟಿಗಳ ಸಂಖ್ಯೆಯಿಂದ, ದಪ್ಪದಿಂದ. ದಪ್ಪದ ಲೆಕ್ಕವಂತೂ ವಿಚಿತ್ರ: ಉದ್ದ ಅಗಲ ಅಷ್ಟೇ ಇದ್ದು ದಪ್ಪ ಅರ್ಧವಾದರೆ ಬಿಗಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು ಅಷ್ಟೇ ಪಟ್ಟಿ, ಅಷ್ಟೇ ದಪ್ಪ, ಬಾಗು ಮಾತ್ರ ಕಡಿಮೆ ಇರುವ ಸ್ಪ್ರಿಂಗನ್ನು.

ಮುಂದೆ ಸುರುಳಿ ಸ್ಪ್ರಿಂಗಿದ್ದರೆ ಕೆಲವರು ಗ್ಯಾಸಿನ ಬೆಂಕಿಯಲ್ಲಿ ಕಾಯಿಸಿ ಕೂರಿಸುತ್ತಾರೆ. ಹದ ಕೊಟ್ಟ ಕುಡುಗೋಲನ್ನು ಮತ್ತೆ ಕುಲುಮೆಗಿಟ್ಟರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕೇ? ಸುರುಳಿ ಕತ್ತರಿಸಿದರೂ ಕೆಲಸ ಕೆಟ್ಟದ್ದೇ. ಗಿಡ್ಡಾದ ಸುರುಳಿ ಇನ್ನೂ ಬಿಗಿಯಾಗುತ್ತದೆ, ಕತ್ತರಿಸಿದ ತುದಿ ತನ್ನ ಕುಣಿಯಲ್ಲಿ ಸರಿಯಾಗಿ ಕೂರುವುದಿಲ್ಲ.

ಕೊಳ್ಳುವ ಮುಂಚೆ ಅಳೆಯಿರಿ. ಖಾಲಿ ಗಾಡಿಯಲ್ಲಿ ಹಿಂದಿನ ಅಚ್ಚಿಗೂ ಅದರ ಮೇಲಿನ ರಬ್ಬರ್ ಗುಬುಟಿಗೂ ನಡುವೆ 4 ಅಂಗುಲ ಇದೆ ಎನ್ನಿ. ನಿಮ್ಮ ಮಾಮೂಲು ಹೊರೆಗೆ 2½ ಅಂಗುಲ ಕೂತರೆ ಉಳಿಯುವುದು 1½. ಅದರಲ್ಲಿ 1 ತಗ್ಗಿಸಿದರೆ ಅರ್ಧ ಅಂಗುಲ ಉಳಿದೀತು. 2 ತಗ್ಗಿಸಿದರೋ, ಹೇರಿದ ಹೊರೆ ಇಳಿಯುವ ತನಕ ಅಚ್ಚು ರಬ್ಬರಿಗೇ ಒತ್ತಿ ನಿಂತಿರುತ್ತದೆ. ಪ್ರತಿ ಗುಂಡಿಯ ಏಟೂ ನೇರವಾಗಿ ಛಾಸಿಗೆ, ಟೊಮೇಟೊಗೆ. ಅಂಥವರು ಗಾಡಿಯನ್ನು ಹಾಗೇ ಬಿಟ್ಟು, ಸಾಮಾನು ಏರಿಸಲು ಕಣದ ಪಕ್ಕ ಒಂದು ಮಣ್ಣಿನ ಕಟ್ಟೆ ಹಾಕಿಕೊಳ್ಳುವುದೇ ವಾಸಿ. ಖರ್ಚೂ ಕಡಿಮೆ.

ಇನ್ನೊಂದು ವಿಷಯ ಮೇಸ್ತ್ರಿಗಳೂ ಮರೆಯುತ್ತಾರೆ. ಕೆಲವು ಗಾಡಿಗಳಲ್ಲಿ ಹಿಂದಿನ ಅಚ್ಚಿನಿಂದ ಬ್ರೇಕಿನ ವಾಲ್ವಿಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತದೆ. ಗಾಡಿ ಎಷ್ಟು ಕೂತಿದೆ ಎಂಬುದರ ಮೇಲೆ ಅದು ಹೊರೆಯನ್ನು ಅಂದಾಜು ಮಾಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ತಗ್ಗಿಸಿದ ಖಾಲಿ ಗಾಡಿಯನ್ನೂ ತುಂಬಿದ ಗಾಡಿ ಎಂದೇ ಅದು ತಿಳಿಯುತ್ತದೆ. ಮಳೆಯಲ್ಲಿ ಬ್ರೇಕ್ ತುಳಿದಾಗ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗೀತು. ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಿಕೊಂಡೇ ಗ್ಯಾರೇಜಿನಿಂದ ಹೊರಡಿ. ಆ ರಾತ್ರಿ ದೀಪ ಹಾಕಿ ಗೋಡೆಯ ಮೇಲೆ ಬೆಳಕು ಎಲ್ಲಿ ಬೀಳುತ್ತದೆ ನೋಡಿ. ಹಿಂಭಾಗವಷ್ಟೇ ತಗ್ಗಿದ್ದರೆ ಅದು ಎದುರು ಬರುವವನ ಕಣ್ಣಿಗೇ ಹೊಡೆಯುತ್ತಿರುತ್ತದೆ.