ಹೊಗೆಯಿಲ್ಲದ ಹೊಗೆಸೊಪ್ಪು ಮತ್ತು ಗೃಹಸ್ಥನ ಹಣ

ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ನನ್ನ ಹಳೆಯ ಶಿಷ್ಯನೊಬ್ಬನು ಕೆಲವು ದಿನಗಳ ಹಿಂದೆ ನಮ್ಮ ಮನೆಗೆ ಬಂದಿದ್ದನು. ಮಾತಿನ ನಡುವೆ ಅವನು ನಶ್ಯದ ಡಬ್ಬಿಯಂತಹ ಒಂದು ಗುಂಡನೆಯ ಡಬ್ಬಿಯನ್ನು ತೆಗೆದು, ಅದರೊಳಗಿನ ಚಿಕ್ಕ ಬಿಳಿಯ ಪೊಟ್ಟಣವೊಂದನ್ನು ಮೇಲುತುಟಿಯ ಒಳಗೆ ಇರಿಸಿಕೊಂಡನು.

“ಏನಪ್ಪಾ ಅದು, ಔಷಧವೇ?” ಎಂದೆನು.

“ನಿಕೊಟಿನ್ ಪೊಟ್ಟಣ, ಮೇಷ್ಟ್ರೇ. ಅಮೆರಿಕದಲ್ಲಿರುವ ಭಾವ ತಂದುಕೊಟ್ಟರು. ಹೊಗೆಯಿಲ್ಲ, ಉಗುಳಬೇಕಾಗಿಲ್ಲ. ಮುಂದಿನ ಕಾಲವೆಲ್ಲ ಇದರದೇ. ತಾವೂ ನಿವೃತ್ತಿಯ ಹಣದಲ್ಲಿ ಹೊಗೆಸೊಪ್ಪಿನ ಕಂಪೆನಿಯ ಷೇರುಗಳನ್ನು ಕೊಳ್ಳಬಾರದೇ?” ಎಂದನು.

ಷೇರುಗಳನ್ನು ಇಟ್ಟುಕೊಂಡಿರುವ ಗೃಹಸ್ಥರು ಈಗ ನಮ್ಮಲ್ಲಿ ಅನೇಕರಿರುವುದರಿಂದ, ಈ ವಿಷಯದಲ್ಲಿ ನಾನು ವಿಚಾರಿಸಿ ತಿಳಿದುದನ್ನು ವಾಚಕರ ಮುಂದಿಡುವುದು ಅಪ್ರಕೃತವಾಗಲಾರದು.

ಈ ಪೊಟ್ಟಣದಲ್ಲಿ ಎಲೆಯಿಲ್ಲ. ನಿಕೊಟಿನ್ನನ್ನು ಮಾತ್ರ ಸಸ್ಯದ ನಾರು, ಸಿಹಿ, ಪರಿಮಳಗಳೊಡನೆ ಬೆರೆಸಿರುವರು. ಅದು ಒಸಡಿನ ಮೂಲಕ ರಕ್ತವನ್ನು ಸೇರುವುದು. ಸುಡುವುದಿಲ್ಲವಾದ್ದರಿಂದ ಸಿಗರೇಟಿಗಿಂತ ಕೇಡು ಕಡಿಮೆಯೆಂಬುದು ನಿಜ. ಆದರೆ ಚಟವನ್ನು ಹಿಡಿಸುವ ವಸ್ತು ಅದೇ.

ಸ್ವೀಡನ್ ದೇಶದಲ್ಲಿ ಸ್ನೂಸ್ ಎಂಬ ಹೊಗೆಸೊಪ್ಪನ್ನು ತುಟಿಯೊಳಗಿಡುವುದು ಹಳೆಯ ರೂಢಿ. ಅಲ್ಲಿಯ ಸ್ವೀಡಿಷ್ ಮ್ಯಾಚ್ ಕಂಪೆನಿಯು ೨೦೧೪ರಲ್ಲಿ ‘ಝಿನ್’ ಎಂಬ ಪೊಟ್ಟಣವನ್ನು ಅಮೆರಿಕದಲ್ಲಿ ಮಾರಲಾರಂಭಿಸಿತು. ೨೦೨೨ರಲ್ಲಿ ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್ ಸಂಸ್ಥೆಯು ಸುಮಾರು ೧,೬೦೦ ಕೋಟಿ ಡಾಲರುಗಳಿಗೆ ಆ ಕಂಪೆನಿಯನ್ನೇ ಕೊಂಡಿತು. ಅಮೆರಿಕದ ಮಾರುಕಟ್ಟೆಗೆ ರವಾನೆಯಾದ ಡಬ್ಬಿಗಳು ೨೦೨೩ರಲ್ಲಿ ೩೮ ಕೋಟಿಗೂ ಹೆಚ್ಚು. ೨೦೨೪ರಲ್ಲಿ ಸುಮಾರು ೫೮ ಕೋಟಿ. ಸಿಗರೇಟು ಸೇದುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವ ದೇಶದಲ್ಲಿ ಷೇರುದಾರನಿಗೆ ಇದಕ್ಕಿಂತ ಸಂತೋಷದ ಸುದ್ದಿ ಯಾವುದು? ಆದರೆ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಮೊದಲಾದ ಪ್ರತಿಸ್ಪರ್ಧಿಗಳೂ ಅದೇ ಸಂತೆಯಲ್ಲಿರುವರು. ಅಲ್ಲಿ ಸಿಗರೇಟನ್ನೂ ಮಾರುವ ಕಂಪೆನಿಯಾದರೆ, ಪೊಟ್ಟಣಕ್ಕೆ ಬಂದ ಗಿರಾಕಿಯು ಅದೇ ಕಂಪೆನಿಯ ಸಿಗರೇಟನ್ನು ಬಿಟ್ಟು ಬಂದವನಾಗಿರಬಹುದು. ಆಗ ಒಂದು ಕೈಗೆ ಬಂದುದರಲ್ಲಿ ಸ್ವಲ್ಪ ಇನ್ನೊಂದು ಕೈಯಿಂದ ಹೋದುದೇ ಆಗಿರುವುದು.

ನಮ್ಮ ದೇಶದ ಸ್ಥಿತಿಯೇ ಬೇರೆ. ೧೯೧೦ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಿಂದ ಹುಟ್ಟಿದ ಐಟಿಸಿ ಕಂಪೆನಿಗೆ ಹಿಟ್ಟು, ಬಿಸ್ಕತ್ತು, ಕಾಗದಗಳ ವ್ಯಾಪಾರವಿದ್ದರೂ ಲಾಭದ ಬಹುಭಾಗವು ಸಿಗರೇಟಿನಿಂದಲೇ ಬರುವುದು. ೨೦೧೧ರ ಆಹಾರ ನಿಯಮಗಳು ಯಾವ ತಿನಿಸಿನಲ್ಲಿಯೂ ಹೊಗೆಸೊಪ್ಪಾಗಲಿ ನಿಕೊಟಿನ್ನಾಗಲಿ ಇರಕೂಡದೆಂದು ವಿಧಿಸಿವೆ. ಕರ್ನಾಟಕವು ೨೦೧೩ರಲ್ಲಿ ಗುಟ್ಕಾವನ್ನೂ ೨೦೧೬ರಲ್ಲಿ ಇ-ಸಿಗರೇಟನ್ನೂ ನಿಷೇಧಿಸಿತು. ೨೦೧೯ರಲ್ಲಿ ಇ-ಸಿಗರೇಟಿನ ನಿಷೇಧವು ದೇಶಕ್ಕೆಲ್ಲ ವ್ಯಾಪಿಸಿತು. ಆದುದರಿಂದ ಅಮೆರಿಕದ ಪೊಟ್ಟಣದ ಲಾಭವನ್ನು ನೆನೆದು ಇಲ್ಲಿಯ ಷೇರನ್ನು ಕೊಳ್ಳುವುದು ನೆರೆಯೂರಿನ ಮಳೆಯನ್ನು ನಂಬಿ ನಮ್ಮ ಹೊಲವನ್ನು ಬಿತ್ತಿದಂತೆ. ಇಲ್ಲಿಯ ಲಾಭನಷ್ಟವು ಸಿಗರೇಟಿನ ಮೇಲಣ ತೆರಿಗೆಯನ್ನು ಅವಲಂಬಿಸಿರುವುದು. ಹೊಸ ಅಬಕಾರಿ ಸುಂಕವು ಪ್ರಕಟವಾದೊಡನೆ, ೨೦೨೬ರ ಜನವರಿ ೧ರಂದು, ಐಟಿಸಿಯ ಷೇರು ಒಂದೇ ದಿನದಲ್ಲಿ ಶೇಕಡ ಹತ್ತರ ಸಮೀಪ ಇಳಿಯಿತು.

ಆದರೂ ಈ ಹೊಸ ವ್ಯಾಪಾರದ ಬೇರು ನಮ್ಮ ನಾಡಿನಲ್ಲಿಯೂ ಇಳಿಯುತ್ತಿದೆ. ಹುಣಸೂರು, ಪಿರಿಯಾಪಟ್ಟಣಗಳ ರೈತರು ಸಿಗರೇಟಿನ ಹೊಗೆಸೊಪ್ಪನ್ನು ಬೆಳೆಯುವರು. ಮೈಸೂರಿನ ಬಳಿ ಐಟಿಸಿಯ ಅಂಗಸಂಸ್ಥೆಯೊಂದು ರಫ್ತಿಗಾಗಿ ನಿಕೊಟಿನ್ನನ್ನು ತಯಾರಿಸುವ ಕಾರ್ಖಾನೆಯನ್ನು ಕಟ್ಟಿರುವುದು. ಪೊಟ್ಟಣಕ್ಕೆ ಬೇಕಾದುದು ಎಲೆಯ ಬಣ್ಣವೂ ಅಲ್ಲ, ಪರಿಮಳವೂ ಅಲ್ಲ, ಸಾರ ಮಾತ್ರ. ಎಲೆಯ ಅಂದಕ್ಕೆ ಹರಾಜಿನಲ್ಲಿ ಬೆಲೆ ಪಡೆಯುವ ರೈತನು ಇದನ್ನು ಷೇರುದಾರನಿಗಿಂತ ಮೊದಲೇ ಯೋಚಿಸಬೇಕು.

ಶಿಷ್ಯನು ಹೊರಡುವಾಗ, “ಇದನ್ನು ಒಂದು ವಾರ ಬಿಟ್ಟಿರಬಲ್ಲೆಯಾ?” ಎಂದು ಕೇಳಿದೆನು. ಅವನು ತಲೆ ತಗ್ಗಿಸಿ, “ಎರಡು ದಿನ ನೋಡಿದೆ, ಮೇಷ್ಟ್ರೇ, ಕೆಲಸದ ಮೇಲೆ ಮನಸ್ಸೇ ನಿಲ್ಲಲಿಲ್ಲ” ಎಂದನು. ಹಾಗಾದರೆ ಆ ಲಾಭಾಂಶವು ಹುಟ್ಟುವುದು ಅವನಂತಹವರು ಬಿಡಲಾರದೆ ಇರುವುದರಿಂದಲೇ. ಅರ್ಥಶೌಚವೆಂದರೆ ಹಣವು ಎಲ್ಲಿಂದ ಬಂದಿತೆಂದು ಕೇಳಿಕೊಳ್ಳುವುದೂ ಸೇರಿದೆಯೆಂದು ನಾನು ಮಕ್ಕಳಿಗೆ ಪಾಠ ಹೇಳಿದವನು. ನಾನು ಷೇರನ್ನು ಕೊಳ್ಳಲಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಚಟವನ್ನು ಬಿಡಿಸುವ ವೈದ್ಯರಿರುವರೆಂದು ಅವನಿಗೆ ತಿಳಿಸಿದ್ದೇನೆ. ಬರುವ ಭಾನುವಾರ ಮತ್ತೆ ಬರುವೆನೆಂದು ಹೇಳಿ ಹೋಗಿರುವನು.