ಬೆನ್ನಿಗೆ ನೋವು ಕೊಡುವ ಕಾವಲುಗಾರ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೂಮಿನಲ್ಲಿ ಪುಸ್ತಕದ ರಾಶಿಯ ಪಕ್ಕ ಈಗ ನೋವಿನ ಮುಲಾಮೂ ಕಾಣುತ್ತದೆ. ಸೊಂಟದ ನೋವು ಕಾಲಿಗೆ ಇಳಿದು, ಎಂಆರ್‌ಐ ವರದಿಯಲ್ಲಿ ಡಿಸ್ಕ್ ಸವೆದಿದೆ, ಜಾರಿದೆ ಎಂದು ಕಂಡರೆ ಸಾಕು, ‘ಇನ್ನು ದೈಹಿಕ ಪರೀಕ್ಷೆಯ ಕಥೆ ಮುಗೀತು’ ಎಂದು ಕೈಚೆಲ್ಲುವವರಿದ್ದಾರೆ. ಅಷ್ಟು ಬೇಗ ಹೆದರಬೇಕಿಲ್ಲ.

ನಮ್ಮ ಬೆನ್ನುಮೂಳೆಯ ನಡುವೆ ಮೆತ್ತೆಯಂಥ 23 ಡಿಸ್ಕ್‌ಗಳಿವೆ. ಹೊರಗೆ ಗಟ್ಟಿ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ತಿರುಳಿನಲ್ಲಿ ರಕ್ತನಾಳಗಳಿಲ್ಲ. ಹಾಗಾಗಿ ರಕ್ತದಲ್ಲಿ ಗಸ್ತು ತಿರುಗುವ ರೋಗನಿರೋಧಕ ಕಣಗಳಿಗೆ ಅದರ ಪರಿಚಯವೇ ಇರುವುದಿಲ್ಲ. ವಯಸ್ಸು, ವಂಶವಾಹಿ, ಧೂಮಪಾನ, ಅತಿಯಾದ ಭಾರ ಇವೆಲ್ಲ ಡಿಸ್ಕನ್ನು ಸವೆಸುತ್ತವೆ. ಸವೆಯುವ ಡಿಸ್ಕ್‌ನ ಜೀವಕೋಶಗಳು ತಾವೇ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಅದರಿಂದ ತಿರುಳು ನೀರು ಕಳೆದುಕೊಂಡು ಮತ್ತಷ್ಟು ಒಣಗುತ್ತದೆ.

ಉಂಗುರ ಬಿರುಕುಬಿಟ್ಟು ತಿರುಳು ಹೊರಬಂದರೆ ನಿರೋಧಕ ಕಣಗಳು ಅದನ್ನು ಪರಕೀಯ ಎಂದೇ ಭಾವಿಸಿ ಮುತ್ತಿಗೆ ಹಾಕುತ್ತವೆ. ಪಕ್ಕದ ನರ ಕೆರಳುತ್ತದೆ. ಡಿಸ್ಕ್ ಜಾರಿ ನರವನ್ನು ಒತ್ತುವುದರಿಂದ ಕಾಲುನೋವು ಬರುತ್ತದೆ ಎಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿದ್ದರು. 1993ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹಂದಿಗಳ ನರದ ಮೇಲೆ, ಒತ್ತಡವನ್ನೇ ಹಾಕದೆ, ಅದೇ ಹಂದಿಯ ಡಿಸ್ಕ್ ತಿರುಳನ್ನು ಇಟ್ಟು ನೋಡಿದರು. ಆಗಲೂ ನರದ ಸಂದೇಶ ನಿಧಾನವಾಯಿತು. ಒತ್ತಡವೊಂದೇ ಅಲ್ಲ, ಉರಿಯೂತವೂ ಕಾರಣ ಎಂಬುದು ಹೀಗೆ ಗಟ್ಟಿಯಾಯಿತು.

ಆದರೆ ಇದೇ ಕಾವಲುಗಾರರು ಕಸವನ್ನೂ ಗುಡಿಸುತ್ತಾರೆ. ಮ್ಯಾಕ್ರೋಫೇಜ್ ಎಂಬ ಕಣಗಳು ಹೊರಬಂದ ತಿರುಳನ್ನು ನುಂಗಿ ಕರಗಿಸುತ್ತವೆ. ಪೂರ್ತಿ ಹೊರಚಾಚಿದ ದೊಡ್ಡ ತುಣುಕುಗಳೇ ಹೆಚ್ಚಾಗಿ ಕರಗುವುದು ಸೋಜಿಗ! ಬಹಳಷ್ಟು ಜನರ ಕಾಲುನೋವು ಶಸ್ತ್ರಚಿಕಿತ್ಸೆ ಇಲ್ಲದೆ ಕೆಲವು ವಾರ, ತಿಂಗಳುಗಳಲ್ಲಿ ತಗ್ಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯ ಪ್ರಕಾರ, ಬೆನ್ನುನೋವೇ ಇಲ್ಲದ 20 ವರ್ಷದವರಲ್ಲೂ ಶೇ 37ರಷ್ಟು ಮಂದಿಯ ಸ್ಕ್ಯಾನ್‌ನಲ್ಲಿ ಡಿಸ್ಕ್ ಸವೆತ ಕಾಣುತ್ತದೆ. ಅಂದರೆ ವರದಿಯ ಸಾಲು ನಮ್ಮ ಹಣೆಬರಹವಲ್ಲ. ವೈದ್ಯರನ್ನು ಕೇಳಿ, ಆದಷ್ಟು ಓಡಾಡಿಕೊಂಡಿರಿ. ಓದಿನ ನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಸಿಗರೇಟು ಬಿಡಿ.

ಆದರೆ ಕಾಲಿನ ಬಲ ಕುಗ್ಗುತ್ತಿದ್ದರೆ, ತೊಡೆಸಂದಿ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ದಿನವೂ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ.